ಕೊಬ್ಬರಿ ಅಟ್ಟದ ಕೆಳಗೆ ಒಂದು ತಣ್ಣನೆಯ ಕೋಣೆ

ತಿಪಟೂರಿನ ಬಾಡಿಗೆ ಮನೆಗೆ ಕಾಲಿಟ್ಟ ಮೊದಲ ಮಧ್ಯಾಹ್ನವೇ ನಮ್ಮ ತಲೆಯ ಮೇಲೆ ಬಂಡೆಗಳು ಉರುಳಿದವು. ಹಾಗೆಂದುಕೊಂಡೇ ನಾನು ಮಗಳನ್ನು ದರದರ ಎಳೆದುಕೊಂಡು ಅಂಗಳಕ್ಕೆ ಓಡಿದ್ದು. ಹಲಗೆಯ ಸೂರು ಗುಡುಗುಟ್ಟುತ್ತಿತ್ತು. ಸಂದುಗಳಿಂದ ಕಂದು ಧೂಳು ಉದುರಿ ಆಗಷ್ಟೇ ಬಿಚ್ಚಿಟ್ಟಿದ್ದ ಹಾಸಿಗೆಯ ಮೇಲೆ ಬೀಳುತ್ತಿತ್ತು. ಮನೆಯ ಮಾಲೀಕರಾದ ಪಂಚಾಕ್ಷರಯ್ಯನವರು ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನ ಮುಖ ನೋಡಿ ನಕ್ಕರು.

"ಹೆದರ್ಕೋಬೇಡ ಕಣಮ್ಮ. ಅಟ್ಟಕ್ಕೆ ಕಾಯಿ ಸುರೀತಾವ್ರೆ, ಅಷ್ಟೇಯ. ನಾವು ಹುಟ್ದಾಗ್ಲಿಂದ ಇದ್ರ ಕೆಳಗೇ ಮಲಗೋದು."

ಕಲಬುರಗಿಯ ನನ್ನ ಜನರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಮನೆಯ ಅಟ್ಟದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗುಂಡಗೆ ಕಳಚಿಕೊಳ್ಳುತ್ತದೆ. ಅದು ಉಂಡೆ ಕೊಬ್ಬರಿ. ನಾವು ಅಲ್ಲಿ ಮದುವೆಯಲ್ಲಿ ಉಡಿ ತುಂಬುವಾಗ ಇಡುವ ಕೊಬ್ಬರಿ ಬಟ್ಟಲು ಇಂಥ ಯಾವುದೋ ಅಟ್ಟದಿಂದ ಇಳಿದು ಬಂದದ್ದು. ಅಟ್ಟಕ್ಕೆ ತೇವ ತಾಕಿದರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಒಮ್ಮೆಲೇ ಕಾವು ತಾಕಿದರೆ ಒಳಗೇ ಬಿರಿದು ಹೋಳಾಗುತ್ತದೆ. ಇದನ್ನು ಇಲ್ಲಿಯ ಮಕ್ಕಳೂ ಬಲ್ಲರು. ಕಾಯಿಗೆ ಎಷ್ಟು ಕಾವು ಸಲ್ಲುತ್ತದೆ, ಎಷ್ಟು ಸಲ್ಲದು ಎಂದು ಇಷ್ಟು ಚೆನ್ನಾಗಿ ತಿಳಿದ ಊರಿಗೆ ಒಂದು ಮಗುವಿನ ವಿಷಯವನ್ನು ತಿಳಿಸಿ ಹೇಳಲು ನನಗೆ ಇಡೀ ಬೇಸಿಗೆ ಹಿಡಿಯಿತು. ಅದೂ ಸುಲಭದಲ್ಲಿ ತಿಳಿಯಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ, ಆರದೆಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳು ಅಕ್ಷತಾಳಿಗೆ ಬೆವರು ಬರುವುದಿಲ್ಲ. ಹುಟ್ಟುವಾಗಲೇ ಅವಳ ಚರ್ಮದಲ್ಲಿ ಬೆವರಿನ ಗ್ರಂಥಿಗಳಿರಲಿಲ್ಲ. ತಲೆಗೂದಲು ತೆಳು, ಹಲ್ಲು ಕೆಲವೇ. ಅದೆಲ್ಲ ನೋಡುವವರ ಸಂಕಟ, ಅವಳದಲ್ಲ. ಅವಳ ಸಂಕಟ ಒಂದೇ. ನಾವು ಬಿಸಿಲಿನಲ್ಲಿ ನಡೆದರೆ ಮೈ ಬೆವೆತು ತಂಪಾಗುತ್ತದೆ. ಅವಳ ಮೈ ಬಿಸಿಯಾಗುತ್ತ ಹೋಗುತ್ತದೆ, ಅಷ್ಟೇ. ಕಲಬುರಗಿಯಲ್ಲಿ ಒಂದನೇ ತರಗತಿಯಲ್ಲಿದ್ದಾಗ ಪ್ರಾರ್ಥನೆಯ ಸಾಲಿನಲ್ಲೇ ಕುಸಿದು ಬಿದ್ದು ಫಿಟ್ಸ್ ಬಂದಿತ್ತು. ಡಾಕ್ಟರು ಹೇಳಿದ್ದು ಎರಡೇ ಮಾತು. ಸಾಧ್ಯವಾದರೆ ತಂಪಿರುವ ಊರಿಗೆ ಹೋಗಿ. ಎಲ್ಲೇ ಹೋದರೂ ಒಂದು ತಣ್ಣನೆಯ ಕೋಣೆ ಇರಲಿ.

ನನ್ನ ಗಂಡ ಮಲ್ಲಿನಾಥ ಯಂತ್ರಗಳ ಮೆಕ್ಯಾನಿಕ್. ಕಿಬ್ಬನಹಳ್ಳಿ ಕಡೆಯ ತೆಂಗಿನ ಪುಡಿ ಮಾಡುವ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತು. ನನಗೆ ತಿಪಟೂರಿನ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ. ಹೀಗೆ ನಾವು ಬಿಸಿಲು ಬಿಟ್ಟು ಬಂದೆವು.

ಬಂದದ್ದು ಚಳಿಗಾಲದಲ್ಲಿ. ಆಗ ಈ ಊರು ನನಗೆ ಮೋಸ ಮಾಡಿತು. ಬೆಳಗಿನ ಮಂಜು, ತೋಟಗಳ ನೆರಳು, ಸಂಜೆಗೆ ಬೀಸುವ ಗಾಳಿ. ಅಕ್ಷತಾ ಮೊದಲ ಬಾರಿಗೆ ಬೇರೆ ಮಕ್ಕಳ ಜೊತೆ ಬೀದಿಯಲ್ಲಿ ಓಡಿದಳು. ಜೋಳದ ಹಿಟ್ಟು ಸಿಗದೆ ನಾನು ಊರೆಲ್ಲ ಅಲೆದೆ. ಕಡೆಗೆ ಗಿರಣಿಯವರು ರಾಗಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿ ಕೊಟ್ಟರು, ರೊಟ್ಟಿ ಬೂದಿ ಬಣ್ಣಕ್ಕೆ ತಿರುಗಿತು. ಮಾಲೀಕರ ಹೆಂಡತಿ ಗಿರಿಜಮ್ಮನವರು ಅದನ್ನು ಮುರಿದು ಬಾಯಿಗೆ ಹಾಕಿಕೊಂಡು, "ಚೆನ್ನಾಗೈತೆ ಕಣಮ್ಮ, ಆದ್ರೆ ಇದ್ಕೆ ಕಾಯಿ ಹಾಕಿಲ್ವಲ್ಲ" ಅಂದರು. ನಮ್ಮ ಚಟ್ನಿಪುಡಿ ಶೇಂಗಾ ಹಿಂಡಿಗೂ ಕಾಯಿ ಇಲ್ಲ, ಪುಂಡಿ ಸೊಪ್ಪಿನ ಪಲ್ಯಕ್ಕೂ ಇಲ್ಲ ಎಂದಾಗ ಪಾಪ ಅನ್ನುವ ಹಾಗೆ ನನ್ನನ್ನು ನೋಡಿದರು. ಆಗೆಲ್ಲ ನಗು ಬರುತ್ತಿತ್ತು.

ಮಾರ್ಚ್ ಬಂತು. ನಗು ನಿಂತಿತು.

ಮನೆಯ ಮುಂಭಾಗ ಅಟ್ಟದ ಕೆಳಗಿತ್ತು, ತಂಪು. ಆದರೆ ನಮಗೆ ಕೊಟ್ಟ ಮಲಗುವ ಕೋಣೆ ಹಿತ್ತಲ ಕಡೆ ಆಮೇಲೆ ಸೇರಿಸಿ ಕಟ್ಟಿದ್ದು. ಇಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಶೀಟು, ಪಡುವಣದ ಬಿಸಿಲು ನೇರ ಗೋಡೆಗೆ. ಮಧ್ಯಾಹ್ನ ಆ ಕೋಣೆ ರೊಟ್ಟಿ ಹಂಚಿನಂತಾಗುತ್ತಿತ್ತು. ಮುಂದಿನ ಪಡಸಾಲೆಯಲ್ಲೇ ಮಲಗಿಸೋಣವೆಂದರೆ ಅದಕ್ಕೆ ಬಾಗಿಲಿಲ್ಲ, ಮಾಲೀಕರ ಮನೆಗೂ ನಮಗೂ ನಡುವಿನ ದಾರಿ ಅದು. ಒಂದು ದಿನ ನಾನು ಪಂಚಾಕ್ಷರಯ್ಯನವರಿಗೆ, "ಒಳಗ ಭಾಳ ಕುದಿ ಆಗ್ಲಿಕತ್ತದ್ರಿ" ಅಂದೆ.

"ಏನು ಕುದೀತೈತೆ? ಒಲೆ ಆರಿಸ್ದೆ ಬಂದ್ಬುಟ್ರಾ?" ಎಂದು ಅವರು ಅಡುಗೆಮನೆಯತ್ತ ಎದ್ದೇಬಿಟ್ಟರು.

ನಮ್ಮ ಕುದಿಗೆ ಇಲ್ಲಿ ಸೆಕೆ ಅನ್ನುತ್ತಾರೆ. ಆ ಮಾತು ಕಲಿತೆ. ಕಲಿತು ಹೇಳಿದರೂ ಉತ್ತರ ಒಂದೇ: "ನಮ್ಮೂರಲ್ಲಿ ಯಾವ ಸೆಕೆ ಕಣಮ್ಮ. ನಿಮ್ಮ ಕಡೆ ಬಿಸ್ಲು ಕಂಡೋರಿಗೆ ಇದು ಊಟಿ ಅಲ್ವಾ."

ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ನನಗೆ ಆಗ ಹೊಳೆಯಿತು. ನಮ್ಮಲ್ಲಿ ಬಿಸಿಲನ್ನು ಯಾರೂ ಅನುಮಾನಿಸುವುದಿಲ್ಲ. ಬೆಳಿಗ್ಗೆಯೇ ಬಾಗಿಲು ಹಾಕಿಕೊಳ್ಳುತ್ತಾರೆ, ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ, ಗೊತ್ತಿಲ್ಲದವರ ಮಗುವಿಗೂ ಕರೆದು ನೀರು ಕುಡಿಸುತ್ತಾರೆ. ಅಲ್ಲಿ ಬಿಸಿಲು ಎಲ್ಲರ ಮೇಲೆ ಬೀಳುತ್ತದೆ. ಇಲ್ಲಿ ನಮ್ಮ ಮನೆಯ ಮೇಲೆ ಮಾತ್ರ ಬೀಳುತ್ತಿತ್ತು, ಉಳಿದವರಿಗೆ ಅದು ನನ್ನ ಶೋಕಿಯಾಗಿ ಕಾಣುತ್ತಿತ್ತು.

ಊರಿನಿಂದ ತಂದಿದ್ದ ಕೂಲರನ್ನು ಹೊರತೆಗೆದು ನೀರು ತುಂಬಿಸಿದೆ. ಅರ್ಧ ದಿನ ಕಳೆಯುವುದರೊಳಗೆ ಪಂಚಾಕ್ಷರಯ್ಯನವರು ಬಂದು ನಿಂತರು. ಹುಲ್ಲಿನ ಪರದೆಯಿಂದ ಹಸಿಗಾಳಿ ಬರುವುದನ್ನು ಕೈಯೊಡ್ಡಿ ನೋಡಿದರು.

"ಇದು ಆಗಾಕಿಲ್ಲ ಟೀಚರಮ್ಮ. ಈ ಪಸೆ ಅಟ್ಟಕ್ಕೆ ಹತ್ತುತ್ತೆ. ಕೊಬ್ರಿ ಬೂಷ್ಟು ಬಂದ್ರೆ ನಾನು ಎಲ್ಲಿಗೆ ಹೋಗ್ಲಿ?"

"ಮಗಳಿಗೆ ಬೆವರು ಬರಂಗಿಲ್ಲ ಅಂತ ಹೇಳೀನಲ್ರಿ."

"ಬೆವರ್ದೆ ಇರೋದು ಒಳ್ಳೇದೇ ಅಲ್ವೇನಮ್ಮ? ನಾವು ಬೆವ್ರಿ ಬೆವ್ರಿ ಸಾಯ್ತೀವಿ."

ಅವರು ಅದನ್ನು ತಮಾಷೆಗೆ ಅಂದದ್ದಲ್ಲ, ಕೆಟ್ಟ ಮನಸ್ಸಿನಿಂದ ಅಂದದ್ದೂ ಅಲ್ಲ. ನಿಜವಾಗಿಯೂ ಅದು ಪುಣ್ಯವೆಂದೇ ತಿಳಿದಿದ್ದರು. ಬೈದಿದ್ದರೆ ನಾನೂ ಬೈಯಬಹುದಿತ್ತು. ಬೆವರೆಂದರೆ ಏನು, ಅದು ಆರುವಾಗ ಮೈಯ ಕಾವನ್ನು ಹೇಗೆ ಒಯ್ಯುತ್ತದೆ ಎಂದು ತರಗತಿಯಲ್ಲಿ ಹೇಳುವಂತೆಯೇ ಜಗಲಿಯಲ್ಲಿ ನಿಂತು ಹೇಳಿದೆ. ಅವರು ಕೊನೆಯತನಕ ಕೇಳಿ, "ಇರ್ಬೋದು ಬುಡಿ" ಎಂದು ಎದ್ದುಹೋದರು.

ಕೂಲರ್ ಹೋಯಿತು. ಉಳಿದದ್ದು ಏಸಿ. ಮನೆ ಬದಲಿಸೋಣವೆಂದು ಹುಡುಕಿದೆವು. ಖಾಲಿಯಿದ್ದ ಹೊಸ ಮನೆಗಳೆಲ್ಲ ಮೇಲಂತಸ್ತಿನವು, ನೆತ್ತಿಯ ತಾರಸಿ ಹಗಲಿಡೀ ಕಾದು ಸಂಜೆಗೂ ಕಾರುತ್ತಿತ್ತು. ಇಲ್ಲಿ ಕಡೇಪಕ್ಷ ಶಾಲೆ ಹತ್ತಿರ, ದಾರಿಯಲ್ಲಿ ನೆರಳಿತ್ತು.

ನಾನು ಏಸಿ ಕಂಡವಳಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೂತಿದ್ದೆ, ಅಷ್ಟೆ. ಆದ್ದರಿಂದ ಪರೀಕ್ಷೆಗೆ ಓದುವಂತೆ ಓದಿದೆ. ಕಿಟಕಿ ಏಸಿ ಎನ್ನುವುದು ಒಂದೇ ಪೆಟ್ಟಿಗೆ, ಕಿಟಕಿಯಲ್ಲಿ ಕೂರಿಸಿದರೆ ಮುಗಿಯಿತು. ಗೋಡೆ ಕೊರೆಯುವ ಗೋಜಿಲ್ಲ, ಅದು ನನಗೆ ಹಿಡಿಸಿತ್ತು. ಆದರೆ ನಮ್ಮ ಕೋಣೆಯ ಕಿಟಕಿ ಸಣ್ಣದು, ಸರಳು ಕತ್ತರಿಸಬೇಕು, ಇದ್ದೊಂದು ಗಾಳಿ ಬೆಳಕಿನ ದಾರಿಯೂ ಮುಚ್ಚಿಹೋಗುತ್ತದೆ. ಕರೆಂಟು ಹೋದರೆ ಮಗುವಿಗೆ ಆ ಕಿಟಕಿಯೇ ಗತಿ. ಚಕ್ರದ ಮೇಲೆ ನಿಲ್ಲುವ ಇನ್ನೊಂದು ಬಗೆಯಿದೆ, ಅದರ ದಪ್ಪ ಕೊಳವೆಯನ್ನು ಹೊರಗೆ ಬಿಟ್ಟರಾಯಿತು. ಆದರೆ ಶೀಟಿನ ಸೂರಿಗೆ ಅದರ ಶಕ್ತಿ ಸಾಲದು, ಸದ್ದು ಬೇರೆ. ಕಡೆಗೆ ಉಳಿದದ್ದು ಸ್ಪ್ಲಿಟ್. ಒಳಗೆ ಗೋಡೆಗೊಂದು ಪೆಟ್ಟಿಗೆ, ಹೊರಗೆ ಬಿಸಿಗಾಳಿ ಉಗುಳುವ ಇನ್ನೊಂದು ಪೆಟ್ಟಿಗೆ, ಎರಡನ್ನೂ ಸೇರಿಸುವ ತಾಮ್ರದ ಪೈಪು, ನೀರು ಹೋಗಲು ಒಂದು ಸಣ್ಣ ಕೊಳವೆ. ಇದಕ್ಕೆ ಗೋಡೆಯಲ್ಲಿ ಒಂದು ತೂತು ಬೇಕು.

ಬಿ.ಎಚ್. ರಸ್ತೆಯ ಅಂಗಡಿಗೆ ಗಂಡ ಹೆಂಡತಿ ಇಬ್ಬರೂ ಹೋದೆವು. ಕೇಳಿದವಳು ನಾನು. ಅಂಗಡಿಯವನು ಉತ್ತರಿಸಿದ್ದು ನನ್ನ ಗಂಡನಿಗೆ.

"ಸಾರ್, ರೂಮ್ ಎಷ್ಟು ದೊಡ್ಡದು ಸಾರ್? ಚಿಕ್ಕದಾ? ಹಂಗಾದ್ರೆ ಒಂದು ಟನ್ ಸಾಕು."

"ಮೇಲೆ ಸಿಮೆಂಟ್ ಶೀಟದ. ಪಶ್ಚಿಮಕ್ಕ ಗೋಡಿ ಅದ. ಒಂದು ಸಾಲಂಗಿಲ್ಲ, ಒಂದೂವರೆ ಬೇಕು" ಅಂದೆ. "ಒಳಗಿನ ಸುರುಳಿ ತಾಮ್ರದ್ದೋ ಅಲ್ಯೂಮಿನಿಯಮ್ಮೋ?"

ಅವನು ನನ್ನ ಗಂಡನತ್ತಲೇ ನೋಡಿ ನಕ್ಕ. "ಸಾರ್, ಮೇಡಂಗೆ ಆ ಕಡೆ ಡಿಸೈನ್ ತೋರಿಸ್ಲಾ? ಹೂವಿಂದು ಹೊಸದಾಗಿ ಬಂದೈತೆ."

ಆ ಹೊತ್ತಿನಲ್ಲಿ ನನ್ನ ಗಂಡ ಒಂದು ಮಾತು ಆಡಬೇಕಿತ್ತು. ಮುಜುಗರದಿಂದ ಕ್ಯಾಲೆಂಡರ್ ನೋಡುತ್ತ ನಿಂತರು. ನಾನು ಅಂಗಡಿಯವನ ಮುಂದಿದ್ದ ಕುರ್ಚಿ ಎಳೆದು ಕೂತೆ.

"ಹೂವು ಬ್ಯಾಡ. ನಮ್ಮ ಓಣ್ಯಾಗ ತೋಟದ ಪಂಪ್‌ಸೆಟ್ ಹಚ್ಚಿದ್ರ ಬಲ್ಬು ಮಂಕಾಗ್ತಾವ. ಅಷ್ಟು ಕಡಿಮಿ ವೋಲ್ಟೇಜಿನ್ಯಾಗ ಓಡೂದು ಯಾವುದು, ಅದನ್ನ ತೋರಿಸ್ರಿ. ಸ್ಟೆಬಿಲೈಸರ್ ಬೇಕೋ ಬ್ಯಾಡೋ ನನಗ ನೋಡಿ ಹೇಳ್ರಿ. ಸಾಹೇಬರಿಗಲ್ಲ."

ಅವನ ನಗು ಹೋಯಿತು. ಇನ್ವರ್ಟರ್ ಬಗೆಯದು, ತಾಮ್ರದ ಸುರುಳಿಯದು ಎಂದು ಒಂದನ್ನು ಹುಡುಕಿ ತೋರಿಸಿದ. ಇನ್ವರ್ಟರ್ ಎಂದರೆ ಬ್ಯಾಟರಿ ಅಲ್ಲ. ಸಾಮಾನ್ಯ ಏಸಿ ಕೋಣೆ ತಂಪಾದೊಡನೆ ನಿಂತು ಮತ್ತೆ ದಡಕ್ಕನೆ ಶುರುವಾಗುತ್ತದೆ. ಇದು ಬೇಕಾದಷ್ಟೇ ಮೆಲ್ಲಗೆ ಓಡುತ್ತಿರುತ್ತದೆ. ಒಂದೇ ಸಮನೆ ತಂಪು ಬೇಕಾದ ಮೈಗೆ ಅದೇ ಸರಿ. ಸ್ಟೆಬಿಲೈಸರ್ ಕೂಡ ಕೊಂಡೆವು.

ಪಂಚಾಕ್ಷರಯ್ಯನವರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. "ಗೋಡೆ ತೂತು ಮಾಡಾಕೆ ಬುಡಾಕಿಲ್ಲ, ನಮ್ಮ ತಾತ ಕಟ್ಸಿದ ಮನೆ" ಎಂದು ಶುರುಮಾಡಿದರು. ಹಿಂದಿನ ಕೋಣೆ ತಾತ ಕಟ್ಟಿಸಿದ್ದಲ್ಲ, ನೀವು ಕಟ್ಟಿಸಿದ್ದು ಎಂದೆ. ಏಸಿ ಕೂಲರಿನ ಹಾಗಲ್ಲ, ಒಳಗಿನ ತೇವವನ್ನು ಹೊರಗೆ ಹಾಕುತ್ತದೆ ಎಂದೆ. ಕಡೆಗೆ ಗಿರಿಜಮ್ಮ ಒಳಗಿನಿಂದಲೇ, "ಆ ಮಗೀನ ಮೈ ಮುಟ್ಟಿ ನೋಡಿದೀರಾ ನೀವು? ಸುಮ್ನೆ ಹೂಂ ಅನ್ನಿ" ಅಂದರು. ಅವರು ಹೂಂ ಅಂದರು. ಒಂದೇ ಷರತ್ತು ಹಾಕಿದರು: ಹೊರಗಿನ ಪೆಟ್ಟಿಗೆ ಅಟ್ಟದ ಕಿಟಕಿಯ ಹತ್ತಿರ ಬರಕೂಡದು, ಅದರ ಬಿಸಿಗಾಳಿ ಕಾಯಿಗೆ ಬಡಿಯಕೂಡದು. ನ್ಯಾಯವಾದ ಮಾತು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಲದ ಮೇಲೆ ಸ್ಟ್ಯಾಂಡ್ ಹಾಕಿ ಇಡುತ್ತೇವೆಂದು ನಾನೇ ಜಾಗ ತೋರಿಸಿದೆ. ಅಂಗಡಿಗೂ ಹೋಗಿ ಹೇಳಿ ಬಂದೆ.

ಅಳವಡಿಸುವವರು ಬಂದದ್ದು ನಾನು ಶಾಲೆಯಲ್ಲಿದ್ದಾಗ. ಸಂಜೆ ಮನೆಗೆ ಬಂದು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಪಕ್ಕ ಏನೂ ಇರಲಿಲ್ಲ. ತಲೆಯೆತ್ತಿದೆ. ಪೆಟ್ಟಿಗೆ ಎತ್ತರದ ಗೋಡೆಯಲ್ಲಿ, ಎರಡು ಕಬ್ಬಿಣದ ಕೈಗಳ ಮೇಲೆ, ಅಟ್ಟದ ಕಿಟಕಿಗೆ ಸರಿಯಾಗಿ ಕೆಳಗೆ ಕೂತಿತ್ತು.

"ಅಲ್ಲಿ ಯಾಕ ಹಾಕಿಸಿದ್ರಿ?" ಎಂದು ಗಂಡನನ್ನು ಕೇಳಿದೆ.

"ಮಷಿನ್ ಜೋಡಿ ಬಂದಿದ್ ಪೈಪ್ ನೆಲದ ತನಕ ಮುಟ್ಟಂಗಿಲ್ಲಂತ. ಪೈಪ್ ಉದ್ದಾದ್ರ ತಂಪೂ ಕಡಿಮಿ ಆಗ್ತದಂತ ಅಂದ್ರು."

"ಮತ್ತ ಮಾಲೀಕರಿಗಿ ಕೊಟ್ಟ ಮಾತು?"

"ಇರ್ಲಿ ಬುಡು ಸುನಂದಾ. ನೋಡೋಣ."

ಊರು ಬಿಟ್ಟು ವರ್ಷವಾಗಿಲ್ಲ, ಈ ಊರಿನ ಮಾತುಗಳಲ್ಲಿ ನನ್ನ ಗಂಡ ಮೊದಲು ಕಲಿತದ್ದು ಇದೊಂದನ್ನು. ಬುಡು. ಮರುದಿನವೇ ಅಂಗಡಿಗೆ ಹೋಗಿ ಜಗಳವಾಡಿದೆ. ಬಂದು ಸರಿಮಾಡುತ್ತೇವೆ ಎಂದರು. ನಾಳೆ, ನಾಡಿದ್ದು, ಸೋಮವಾರ ಎಂದು ದಿನ ತಳ್ಳಿದರು.

ಒಂದು ಮಾತು ಮಾತ್ರ ಹೇಳಲೇಬೇಕು. ಆ ದಿನಗಳಲ್ಲಿ ಕೋಣೆ ತಂಪಾಗಿತ್ತು. ಅಕ್ಷತಾ ಮಧ್ಯಾಹ್ನ, ಮೈ ತಂಪಿಗೆಂದು ತೊಡಿಸುತ್ತಿದ್ದ ಒದ್ದೆ ಬನಿಯನ್ ಇಲ್ಲದೆ, ಒಣಗಿದ ಫ್ರಾಕು ಹಾಕಿಕೊಂಡು ನಿದ್ದೆ ಹೋದಳು. ಎದ್ದು ಚಿತ್ರ ಬರೆದಳು. "ಯವ್ವಾ, ನನಗ ಹೊದಿಕಿ ಬೇಕು" ಅಂದಳು. ಏಪ್ರಿಲ್ ತಿಂಗಳಲ್ಲಿ ನನ್ನ ಮಗಳು ಹೊದಿಕೆ ಕೇಳಿದ್ದು ಅದೇ ಮೊದಲು. ಅವಳಿಗೆ ಹೊದಿಸಿ ನಾನು ಹೊರಗೆ ಬಂದು ಅತ್ತೆ.

ಆ ಹೊದಿಕೆಯಡಿಯಲ್ಲೇ ಅವಳು ಸಾಯುವುದರಲ್ಲಿದ್ದಳು.

ಅವಳ ಶಾಲೆಗೆ ರಜೆ ಬಂದಿತ್ತು. ನಮ್ಮ ಹೈಸ್ಕೂಲಿನಲ್ಲಿ ಪರೀಕ್ಷೆಯ ಪತ್ರಿಕೆ ತಿದ್ದುವ ಕೆಲಸ ಇನ್ನೂ ಇತ್ತು. ನನ್ನ ಗಂಡನಿಗೆ ಮಧ್ಯಾಹ್ನದ ಪಾಳಿ. ಮಗು ಊಟ ಮಾಡಿ ತಂಪು ಕೋಣೆಯಲ್ಲಿ ಮಲಗಿತ್ತು. ಬಾಗಿಲು ಮುಂದೆಳೆದು, ಗಿರಿಜಮ್ಮನವರಿಗೆ ಒಂದು ಕಣ್ಣಿಟ್ಟಿರಿ ಎಂದು ಹೇಳಿ ನನ್ನ ಗಂಡ ಕೆಲಸಕ್ಕೆ ಹೋದರು. ಅದಾದ ಸ್ವಲ್ಪ ಹೊತ್ತಿಗೆ ಪಂಚಾಕ್ಷರಯ್ಯನವರು ಅಟ್ಟಕ್ಕೆ ಹತ್ತಿದ್ದಾರೆ. ಕಿಟಕಿಯ ಬಳಿಯ ಕಾಯಿಗಳನ್ನು ಒಡೆದು ನೋಡಿದ್ದಾರೆ. ಒಳಗೆ ಕೊಬ್ಬರಿ ಬಿರಿದಿತ್ತು. ಸಿಟ್ಟು ನೆತ್ತಿಗೇರಿ ಇಳಿದು ಬಂದವರು, ತಮ್ಮ ಪಡಸಾಲೆಯ ಮೇನ್ ಬೋರ್ಡಿನಲ್ಲಿ ನಮ್ಮ ಕಡೆಯ ಸ್ವಿಚ್ಚನ್ನು ಕೆಳಗೆ ಎಳೆದು ಕೊಬ್ಬರಿ ಮಂಡಿಗೆ ಹೊರಟುಹೋದರು.

ಏಸಿ ನಿಂತಿತು. ಫ್ಯಾನೂ ನಿಂತಿತು. ತಂಪು ಹೊರಹೋಗದಿರಲಿ ಎಂದು ಕಿಟಕಿ ಭದ್ರವಾಗಿ ಮುಚ್ಚಿತ್ತು. ಮೇಲೆ ಶೀಟು, ಪಕ್ಕದಲ್ಲಿ ಕಾದ ಗೋಡೆ, ಹೊದಿಕೆಯೊಳಗೆ ನಿದ್ದೆಯಲ್ಲಿದ್ದ ಮಗು.

ಗಿರಿಜಮ್ಮ ಕೊಟ್ಟಿಗೆಯ ಕೆಲಸ ಮುಗಿಸಿ ನೋಡಲು ಬಂದಾಗ ಬಾಗಿಲು ತೆಗೆಯುತ್ತಲೇ ಮುಖಕ್ಕೆ ಬಿಸಿ ಬಡಿಯಿತಂತೆ. ಕೂಗಿದರೆ ಅಕ್ಷತಾ ಏಳಲಿಲ್ಲ. ಮುಟ್ಟಿದರೆ ಕೈ ಸುಟ್ಟ ಹಾಗಾಯಿತಂತೆ. ಆ ಹೆಂಗಸು ಯಾರನ್ನೂ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಓಡಿ, ನೀರಿನ ತೊಟ್ಟಿಯ ಪಕ್ಕ ಮಲಗಿಸಿ ಚೊಂಬು ಚೊಂಬು ನೀರು ಹುಯ್ದರು. ಒಣಹಾಕಿದ್ದ ತಮ್ಮ ಸೀರೆಯನ್ನು ನೀರಿನಲ್ಲಿ ಅದ್ದಿ ಸುತ್ತಿದರು. ಆಮೇಲೆ ಪಕ್ಕದ ಮನೆಯವರ ಆಟೋ ಕರೆಸಿ, ದಾರಿಯಲ್ಲಿಯೇ ನನಗೆ ಫೋನ್ ಮಾಡಿದರು. "ಬೇಗ ಬಾರಮ್ಮ. ಮಗೀಗೆ ನೀರು ಹುಯ್ಕೊಂಡೇ ಬತ್ತಾ ಇದೀನಿ."

ನಾನು ಆಸ್ಪತ್ರೆ ಮುಟ್ಟುವಾಗ ಅಕ್ಷತಾಳ ಕಂಕುಳಲ್ಲಿ ಐಸು ಇಟ್ಟಿದ್ದರು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಫಿಟ್ಸ್ ಬಂದು ಹೋಗಿತ್ತು. ಸಂಜೆಯಾಗುವ ಹೊತ್ತಿಗೆ ಕಾವು ಇಳಿಯಿತು. ಅವಳು ಕಣ್ಣು ಬಿಟ್ಟು ಮೊದಲು ಗಿರಿಜಮ್ಮನವರ ಒದ್ದೆ ಸೆರಗು ನೋಡಿ, ಆಮೇಲೆ ನನ್ನನ್ನು ನೋಡಿದಳು. ಹೆಸರು ಕೇಳಿದರೆ ಹೇಳಿದಳು. ಡಾಕ್ಟರು ಗಿರಿಜಮ್ಮನವರ ಕಡೆ ತಿರುಗಿ, "ನೀವು ನೀರು ಹಾಕದೆ ಹಾಗೇ ತಂದಿದ್ರೆ ಕಷ್ಟ ಆಗ್ತಿತ್ತು" ಅಂದರು.

ಪಂಚಾಕ್ಷರಯ್ಯನವರು ಎಳನೀರು ಹಿಡಿದುಕೊಂಡು ಬಂದರು. ವಾರ್ಡಿನ ಬಾಗಿಲಲ್ಲೇ ನಾನು ಅವರನ್ನು ತಡೆದೆ.

"ಬಾಗ್ಲು ಮುಂದಕ್ಕಾಗಿತ್ತು ಕಣಮ್ಮ. ಒಳಗೆ ಯಾರೂ ಇಲ್ಲ ಅನ್ಕಂಡೆ" ಅಂದರು.

"ಇದ್ದಿದ್ರ ಬಂದ್ ಮಾಡ್ತಿದ್ದಿಲ್ಲೇನು? ಅಕಿಗಿ ಬೆವರು ಬರಂಗಿಲ್ಲ ಅಂತ ಎಷ್ಟು ಸಲ ಹೇಳೀನಿ ನಿಮಗ?"

ಅವರು ಎಳನೀರನ್ನು ಕಾರಿಡಾರಿನ ನೆಲಕ್ಕೆ ಇಳಿಸಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹೇಳಿದ್ರಿ. ನಾನು ನಂಬಲಿಲ್ಲ."

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. "ಕಾಯಿ ಕಾದು ಒಡೀತಾವೆ, ಪೆಟ್ಗೆ ಇಳ್ಸಿ ಅಂತ ನಿಮ್ಮ ಯಜಮಾನ್ರಿಗೆ ಎರಡು ಕಿತ ಹೇಳಿದ್ದೆ. ನೀವೂ ಕಿವಿಗೆ ಹಾಕ್ಕೊಳ್ಳಿಲ್ಲ ಅಂತ ಸಿಟ್ಟು ಬಂದ್ಬುಡ್ತು."

ನನಗೆ ಗೊತ್ತೇ ಇರಲಿಲ್ಲ. ಗಂಡನ ಕಡೆ ತಿರುಗಿದೆ. ಕಾರ್ಖಾನೆಯ ಬಟ್ಟೆಯಲ್ಲೇ ಓಡಿಬಂದು ಗೋಡೆಗೆ ಒರಗಿ ನಿಂತಿದ್ದರು.

"ಹೌದೇನ್ರಿ?"

"ನಿನಗ ಹೇಳಿದ್ರ ಜಗಳ ಆಗ್ತದ ಅಂತ ಹೇಳ್ಲಿಲ್ಲ."

"ಜಗಳ ಆಗಿದ್ರ ಪೋರಿ ದವಾಖಾನ್ಯಾಗ ಇರ್ತಿದ್ದಿಲ್ಲ" ಅಂದೆ.

ಪೈಪು ಉಳಿಸಲು ಮಾತು ಮೀರಿದ ಅಂಗಡಿಯವರು, ನಂಬದೆ ಸ್ವಿಚ್ ಎಳೆದ ಮಾಲೀಕರು, ಜಗಳ ತಪ್ಪಿಸಲು ಬಾಯಿ ಮುಚ್ಚಿಕೊಂಡ ಗಂಡ. ಮೂವರಲ್ಲಿ ಯಾರೂ ಕೆಟ್ಟವರಲ್ಲ ಎಂದು ನೆಂಟರು ಫೋನಿನಲ್ಲಿ ಸಮಾಧಾನ ಹೇಳಿದರು. ನನ್ನನ್ನು ಮಾತ್ರ ಸಿಟ್ಟಿನವಳು ಅಂದರು. ಹೌದು, ಸಿಟ್ಟಿನವಳು. ನನ್ನ ಸಿಟ್ಟನ್ನು ಮೊದಲೇ ಕೇಳಿಸಿಕೊಂಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ, ಆ ಕೊಬ್ಬರಿಗೂ.

ಅಕ್ಷತಾ ಮನೆಗೆ ಬಂದ ಮೇಲೆ ಶಾಲೆಗೆ ರಜೆ ಹಾಕಿದೆ. ಅಂಗಡಿಗೆ ಹೋಗಿ, ಇವತ್ತು ಜನ ಕಳಿಸದಿದ್ದರೆ ಮಗುವಿನ ಜೊತೆ ಬಂದು ನಿಮ್ಮ ಅಂಗಡಿಯ ಏಸಿ ಕೆಳಗೇ ಇರುತ್ತೇನೆ ಎಂದೆ. ಇಬ್ಬರನ್ನು ಕಳಿಸಿದರು. ಅವರಲ್ಲಿ ದೊಡ್ಡವನು ಹಿತ್ತಲು ನೋಡಿ, "ಸಾರ್ ಬರ್ಲಿ ಮೇಡಂ, ಸಾರ್‌ನ ಕೇಳಿ ಶುರು ಮಾಡ್ತೀವಿ" ಅಂದ.

"ಸಾರ್ ಬರಂಗಿಲ್ಲ. ನನ್ನ ಕೇಳ್ರಿ."

ಪೆಟ್ಟಿಗೆ ಕೆಳಗಿಳಿಯಿತು. ಒಗೆಯುವ ಕಲ್ಲಿನ ಪಕ್ಕ ಸ್ಟ್ಯಾಂಡ್ ಕೂತಿತು. ತಾಮ್ರದ ಪೈಪು ಉದ್ದವಾಯಿತು. ತಂಪು ಕಡಿಮೆಯಾಗುತ್ತದೆ ಎಂದವರು, ಇಷ್ಟು ಉದ್ದಕ್ಕೆ ಏನೂ ಆಗುವುದಿಲ್ಲ ಎಂದು ಈಗ ತಾವೇ ಹೇಳಿದರು. ಪೈಪಿನೊಳಗೆ ಉಳಿದ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯದೆ ಗ್ಯಾಸ್ ಬಿಡಲು ಹೊರಟರು. ಪಂಪ್ ಎಲ್ಲಿ ಎಂದು ಕೇಳಿದೆ. ತಂದಿಲ್ಲ ಅಂದರು. ತನ್ನಿ, ಕಾಯುತ್ತೇನೆ ಅಂದೆ. ತಂದರು. ನೀರಿನ ಕೊಳವೆ ಹೊರಗೆ ಇಳಿಜಾರಾಗಿದೆಯೋ ನೋಡಲು ಒಳಗಿನ ಪೆಟ್ಟಿಗೆಯ ತಟ್ಟೆಗೆ ನಾನೇ ಒಂದು ಲೋಟ ನೀರು ಸುರಿದೆ. ಅದು ಸರಸರನೆ ಹಿತ್ತಲಿಗೆ ಹರಿದು ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವರನ್ನು ಬಿಟ್ಟದ್ದು. ನಮ್ಮ ಕಡೆಗೆ ಬೇರೆಯೇ ಮೀಟರ್ ಹಾಕಿಸಿಕೊಳ್ಳಲು ಪಂಚಾಕ್ಷರಯ್ಯನವರು ತಾವೇ ಸಹಿ ಹಾಕಿ, ಕರೆಂಟು ಮೇಸ್ತ್ರಿಯನ್ನೂ ಕರೆತಂದರು. ಈಗ ನಮ್ಮ ಸ್ವಿಚ್ಚು ನಮ್ಮ ಗೋಡೆಯಲ್ಲಿದೆ.

ಅವರನ್ನು ಕ್ಷಮಿಸಿದೆನೇ ಎಂದು ಕೇಳಬೇಡಿ. ನಮಸ್ಕಾರಕ್ಕೆ ನಮಸ್ಕಾರ ಹೇಳುತ್ತೇನೆ. ಆದರೆ ಮೊನ್ನೆ ಬೀದಿಯಲ್ಲಿ ಯಾರೋ, ತಲೆ ತಂಪಿಗೆಂದು ಒದ್ದೆ ಟೋಪಿ ಹಾಕಿಕೊಂಡಿದ್ದ ಅಕ್ಷತಾಳನ್ನು ನೋಡಿ, "ಈ ಮಗು ಯಾಕೆ ಟೋಪಿ ಒದ್ದೆ ಮಾಡ್ಕಂಡೈತೆ" ಎಂದು ನಕ್ಕರಂತೆ. ಪಂಚಾಕ್ಷರಯ್ಯನವರು ಜಗಲಿಯಿಂದ ಇಳಿದು ಹೋಗಿ, "ನಗಬ್ಯಾಡ ಕಣ್ಲಾ. ನಮ್ಮನೆ ಮಗೀಗೆ ಬೆವರು ಬರಾಕಿಲ್ಲ. ಬಿಸ್ಲು ತಾಕಿದ್ರೆ ಜೀವಕ್ಕೇ ಬತ್ತದೆ" ಎಂದು ಬೆವರಿನ ಪಾಠವನ್ನು ಮೊದಲಿಂದ ಕೊನೆಯತನಕ ಒಪ್ಪಿಸಿದರಂತೆ. ಗಿರಿಜಮ್ಮ ಬಂದು ಹೇಳಿದರು. ನಮ್ಮನೆ ಮಗು. ಆ ಮಾತಿಗೂ ನನಗೆ ಸಿಟ್ಟೇ ಬಂತು. ಅಷ್ಟು ಸುಲಭವಾಗಿ ಅವರ ಮನೆಯವಳಾದಳೇ ಅವಳು? ಆದರೂ ಆ ಮಾತನ್ನು ಅಕ್ಷತಾ ಮತ್ತೆ ಮತ್ತೆ ಹೇಳಿಸಿಕೊಂಡು ಕೇಳುತ್ತಿದ್ದಾಗ ನಾನು ಬೇಡ ಅನ್ನಲಿಲ್ಲ.

ಮೇ ತಿಂಗಳಲ್ಲಿ ಸೋದರತ್ತೆಯ ಮಗಳ ಮದುವೆಗೆ ನಾನೊಬ್ಬಳೇ ಕಲಬುರಗಿಗೆ ಹೋದೆ. ಮಗಳನ್ನು ಗಂಡನ ಬಳಿ ಬಿಟ್ಟೆ. ಅವರು ಈಗ ನನಗೆ ಎಲ್ಲವನ್ನೂ ಹೇಳುತ್ತಾರೆ, ಹೇಳಬೇಕಾಗಿಲ್ಲದ್ದನ್ನೂ. ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು. ಮೈಯೆಲ್ಲ ಬೆವರಿತು. ಎಷ್ಟು ಹಿತವಾಗಿತ್ತೆಂದರೆ ಅಲ್ಲೇ ನಿಂತುಬಿಟ್ಟೆ. ತಿಪಟೂರಿನ ಗಾಳಿ ನನ್ನ ಮೈ ಒಣಗಿಸುತ್ತದೆ, ನನ್ನದು ಅನ್ನಿಸುವುದಿಲ್ಲ. ಈ ಬಿಸಿಲು ನನ್ನದು. ನನ್ನ ಮಗಳನ್ನು ಕೊಲ್ಲುವ ಬಿಸಿಲು.

ತವರುಮನೆಯಲ್ಲಿ ಅಣ್ಣ ನನ್ನ ಕೈ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದ. ಹೊಸದಾಗಿ ಸುಣ್ಣ ಬಳಿದಿತ್ತು. ಗೋಡೆಯ ಮೇಲೆ ಬಿಳಿಯ ಪೆಟ್ಟಿಗೆ.

"ಒಂದೂವರೆ ಟನ್. ತಾಮ್ರದ್ದೇ. ನೀ ಫೋನಿನ್ಯಾಗ ಅಂಗಡ್ಯವ್ರ ಜೋಡಿ ಜಗಳಾಡಿದ್ದು ಹೇಳಿದ್ದೆಲ್ಲ, ಎಲ್ಲಾ ಕೇಳ್ಕೊಂಡೇ ತಂದೀನಿ" ಅಂದ. "ಇನ್ನ ಬರ್ರಿ ವಾಪಸ್. ಬ್ಯಾರೆಯವ್ರ ಮನ್ಯಾಗ ಯಾಕ ಅನ್ನಿಸ್ಕೋತೀರಿ?"

ಏಸಿ ಹಾಕಿದ. ಕೋಣೆ ತಣ್ಣಗಾಯಿತು. ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತು, "ನಮಗಿದು ಥಂಡಿ ಹತ್ತತದವ್ವ. ಅಕ್ಷತಾ ಬರೂತನ ಹಚ್ಚಂಗಿಲ್ಲ" ಅಂದಳು. ಎಲ್ಲವನ್ನೂ ಸರಿಯಾಗಿ ಅಳವಡಿಸಿದ್ದರು. ನಾನು ತಪ್ಪು ಹುಡುಕಿದೆ, ಸಿಗಲಿಲ್ಲ.

ಬಾಗಿಲಾಚೆ ಓಣಿ ಬಿಸಿಲಿನಲ್ಲಿ ಬೆಳ್ಳಗೆ ಉರಿಯುತ್ತಿತ್ತು. ಈ ಬಾಗಿಲಿನಿಂದ ಶಾಲೆಯ ಬಾಗಿಲಿಗೆ ಅವಳು ನಡೆದು ಹೋಗಲಾರಳು. ಅಂಗಡಿಗೆ, ಗೆಳತಿಯ ಮನೆಗೆ, ಎಲ್ಲಿಗೂ. ಇಲ್ಲಿ ಬಂದರೆ ಅವಳಿಗೆ ಈ ಕೋಣೆಯಷ್ಟೇ ಕಲಬುರಗಿ. ಅಲ್ಲಿ ಬೇರೆಯವರ ಗೋಡೆಯೊಳಗಿದ್ದರೂ ಬೆಳಿಗ್ಗೆ ತೆಂಗಿನ ನೆರಳಿನಲ್ಲಿ ಟೋಪಿ ಒದ್ದೆ ಮಾಡಿಕೊಂಡು ತಾನೇ ಶಾಲೆಗೆ ಹೋಗುತ್ತಾಳೆ. ಇದನ್ನು ಅಣ್ಣನಿಗೆ ಹೇಳಬೇಕೆಂದು ಬಾಯಿ ತೆಗೆದೆ. ಅವನು ರಿಮೋಟನ್ನು ಪ್ಲಾಸ್ಟಿಕ್ ಹೊದಿಕೆಯ ಸಮೇತ ಹಿಡಿದು, ನನ್ನ ಮುಖವನ್ನೇ ನೋಡುತ್ತಿದ್ದ.

"ಹಂಗಾರ ಯಾವಾಗ ಕರ್ಕೊಂಡ್ ಬರ್ತಿ ಅಕಿನ್ನ?" ಎಂದು ಕೇಳಿದ.

"ಚಳಿಗಾಲಕ್ಕ ಬರ್ತೀವಿ ಅಣ್ಣ" ಅಂದೆ.

ಚಳಿಗಾಲದಲ್ಲಿ ಈ ಏಸಿ ಯಾರಿಗೆ ಬೇಕು ಎಂದು ಅವನು ಕೇಳಲಿಲ್ಲ. ರಿಮೋಟಿನ ಗುಂಡಿ ಒತ್ತಿ ಏಸಿ ನಿಲ್ಲಿಸಿದ. ಇಬ್ಬರೂ ಹೊರಗೆ ಬಂದೆವು.